ಬೆಟ್ಟದ ತುದಿಯಲ್ಲಿ ಬಿಸ್ಮಾರ್ಕ್: ಮೆಟ್ಟಿಲಿಲ್ಲದೆ ಕಟ್ಟಿದ ಗೋಪುರಗಳ ಕಥೆ

ಜರ್ಮನಿಯ ಡ್ರೆಸ್ಡೆನ್ ನಗರದ ದಕ್ಷಿಣಕ್ಕೆ ರೆಕ್ನಿಟ್ಸ್ ಎಂಬ ಕಡೆ ಒಂದು ದಿಬ್ಬವಿದೆ. ಅದರ ಮೇಲೆ 1906ರಲ್ಲಿ ಕಟ್ಟಿದ ಕಲ್ಲಿನ ಗೋಪುರ ನಿಂತಿದೆ. ಎತ್ತರ ಸುಮಾರು 23 ಮೀಟರ್. ಮೇಲಿಂದ ಇಡೀ ಊರು ಕಾಣುತ್ತದೆ. ಆದರೆ ಕಟ್ಟಿದ ಮೇಲೆ ಹೆಚ್ಚುಕಡಿಮೆ ನೂರು ವರ್ಷ ಸಾಮಾನ್ಯ ಜನ ಅದನ್ನು ಹತ್ತುವ ಹಾಗೇ ಇರಲಿಲ್ಲ. ಯಾರೂ ಬೀಗ ಹಾಕಿ ತಡೆದಿದ್ದಲ್ಲ, ಒಳಗೆ ಸರಿಯಾದ ಮೆಟ್ಟಿಲೇ ಇರಲಿಲ್ಲ. 2008ರಲ್ಲಿ ಮೆಟ್ಟಿಲು ಕೂಡಿಸಿದ ಮೇಲೆ ಅದು ವೀಕ್ಷಣಾ ಗೋಪುರವಾಯಿತು.

ಬೆಟ್ಟದ ಮೇಲೆ ಅಷ್ಟು ದೊಡ್ಡ ಗೋಪುರ ಕಟ್ಟಿ ಮೆಟ್ಟಿಲು ಯಾಕೆ ಬಿಟ್ಟರು? ಮರೆತು ಬಿಟ್ಟದ್ದಲ್ಲ. ಕಟ್ಟಿದವರಿಗೆ ಅದರ ಮೇಲೆ ನಿಂತು ಯಾರೋ ಊರು ನೋಡಲಿ ಎಂಬ ಆಸೆ ಇರಲಿಲ್ಲ. ಊರೇ ತಲೆ ಎತ್ತಿ ಗೋಪುರವನ್ನು ನೋಡಬೇಕು ಎಂಬುದು ಅವರ ಆಸೆ. ಅದರ ತುದಿಯಲ್ಲಿ ಬೆಂಕಿ ಉರಿಯಬೇಕಿತ್ತು, ಒಬ್ಬ ಮನುಷ್ಯನ ನೆನಪಿಗೆ.

ಆ ಮನುಷ್ಯ ಓಟೋ ಫಾನ್ ಬಿಸ್ಮಾರ್ಕ್. ಓದಲಿಕ್ಕೋ ಕೆಲಸಕ್ಕೋ ಜರ್ಮನಿಗೆ ಹೋದ ನಮ್ಮವರಿಗೆ ಈ ಹೆಸರು ಬೇಗ ಪರಿಚಯವಾಗುತ್ತದೆ. ಅಲ್ಲಿ ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ. ಜನ ಬೂಟು ಹಾಕಿಕೊಂಡು ಗುಡ್ಡ ಹತ್ತುತ್ತಾರೆ. ಫೋನಿನ ಮ್ಯಾಪ್ ತೆಗೆದು ಹತ್ತಿರದ ಗುಡ್ಡ ಹುಡುಕಿದರೆ, ಅದರ ತುದಿಯಲ್ಲಿ 'ಬಿಸ್ಮಾರ್ಕ್‌ಟುರ್ಮ್' ಎಂದಿರುವ ಸಾಧ್ಯತೆ ಚೆನ್ನಾಗಿಯೇ ಇದೆ. ಟುರ್ಮ್ ಎಂದರೆ ಗೋಪುರ. ಇಂಥವು ಒಟ್ಟು ಸುಮಾರು 240 ಎದ್ದಿದ್ದವು. ಜರ್ಮನಿಯಲ್ಲಷ್ಟೇ ಅಲ್ಲ, ಇವತ್ತಿನ ಪೋಲೆಂಡ್, ಚೆಕ್ ನಾಡುಗಳಲ್ಲೂ ಇವೆ. ದೂರದ ಚಿಲಿ, ಕ್ಯಾಮರೂನ್‌ವರೆಗೂ ಹೋಗಿದ್ದವು.

ಒಬ್ಬ ಮುತ್ಸದ್ದಿಗೆ ಇಷ್ಟೊಂದು ಗೋಪುರ ಯಾಕೆ ಅಂತ ತಿಳಿಯಲು ಅವನ ಬಗ್ಗೆ ಸ್ವಲ್ಪ ತಿಳಿಯಬೇಕು. ಬಿಸ್ಮಾರ್ಕ್ ಹುಟ್ಟಿದ್ದು 1815ರ ಏಪ್ರಿಲ್ 1ರಂದು. ಆಗ ಜರ್ಮನಿ ಎಂಬ ಒಂದು ದೇಶವೇ ಇರಲಿಲ್ಲ. ಹತ್ತಾರು ಸಣ್ಣ ದೊಡ್ಡ ರಾಜ್ಯಗಳಿದ್ದವು, ಒಂದೊಂದಕ್ಕೂ ಅದರದೇ ಅರಸ. ಅವುಗಳಲ್ಲಿ ದೊಡ್ಡದಾದ ಪ್ರಷ್ಯಾಕ್ಕೆ 1862ರಲ್ಲಿ ಬಿಸ್ಮಾರ್ಕ್ ಮುಖ್ಯ ಮಂತ್ರಿಯಾದ. ಮುಂದೆ ಮೂರು ಯುದ್ಧ ನಡೆದವು: 1864ರಲ್ಲಿ ಡೆನ್ಮಾರ್ಕ್ ಮೇಲೆ, 1866ರಲ್ಲಿ ಆಸ್ಟ್ರಿಯಾ ಮೇಲೆ, 1870ರಲ್ಲಿ ಫ್ರಾನ್ಸ್ ಮೇಲೆ. 1871ರ ಜನವರಿ 18ರಂದು, ಸೋತ ಫ್ರಾನ್ಸಿನ ವರ್ಸಾಯ್ ಅರಮನೆಯಲ್ಲೇ ಜರ್ಮನ್ ಸಾಮ್ರಾಜ್ಯ ಘೋಷಣೆಯಾಯಿತು. ಪ್ರಷ್ಯಾದ ರಾಜ ವಿಲ್ಹೆಲ್ಮ್ ಚಕ್ರವರ್ತಿಯಾದ, ಬಿಸ್ಮಾರ್ಕ್ ಚಾನ್ಸಲರ್ ಆದ. ಮುಂದಿನ 19 ವರ್ಷ ಆ ದೇಶದ ಚುಕ್ಕಾಣಿ ಅವನ ಕೈಯಲ್ಲೇ ಇತ್ತು.

ಅವನ ಒಂದು ಕೆಲಸ ನಮ್ಮ ಊರಿನ ಕಾರ್ಖಾನೆ ಕೆಲಸಗಾರರ ಸಂಬಳದ ಚೀಟಿಯವರೆಗೂ ಬಂದು ಮುಟ್ಟಿದೆ. 1883ರಲ್ಲಿ ಕಾರ್ಮಿಕರ ಕಾಯಿಲೆಗೆ ವಿಮೆ, 1884ರಲ್ಲಿ ಅಪಘಾತ ವಿಮೆ, 1889ರಲ್ಲಿ ಮುಪ್ಪಿನ ಪಿಂಚಣಿ. ಕಾಯಿಲೆ ವಿಮೆಯ ದುಡ್ಡಿನಲ್ಲಿ ಮೂರರಲ್ಲಿ ಎರಡು ಪಾಲು ಕೆಲಸಗಾರನದು, ಒಂದು ಪಾಲು ಮಾಲೀಕನದು. ಇಬ್ಬರೂ ತಿಂಗಳು ತಿಂಗಳು ಸೇರಿಸಿ ಹಾಕುವುದು, ಕಾಯಿಲೆ ಬಿದ್ದವನಿಗೆ ಅದರಿಂದ ಕೊಡುವುದು. ನಮ್ಮ ಇಎಸ್ಐ ನಡೆಯುವುದೂ ಹೀಗೆಯೇ ಅಲ್ವಾ? ಈಗ ಕೆಲಸಗಾರನ ಸಂಬಳದಿಂದ ನೂರಕ್ಕೆ 0.75, ಮಾಲೀಕನಿಂದ 3.25. ಪಾಲು ಬದಲಾಗಿದೆ, ಕೂಡಿ ಹಾಕುವ ಏರ್ಪಾಡು ಅದೇ.

ಆದರೆ ಈ ವಿಮೆ ತಂದವನೇ ಕಾರ್ಮಿಕರ ಪಕ್ಷವಾದ ಸಮಾಜವಾದಿಗಳ ಸಭೆ, ಸಂಘ, ಪತ್ರಿಕೆಗಳ ಮೇಲೆ 1878ರಿಂದ ನಿಷೇಧ ಹೇರಿದ್ದ. ಕ್ಯಾಥೊಲಿಕ್ ಚರ್ಚಿನ ಜೊತೆ ವರ್ಷಗಟ್ಟಲೆ ಜಗಳ ಆಡಿದ್ದ. ಪ್ರಷ್ಯಾದ ಪೂರ್ವ ಭಾಗದಲ್ಲಿದ್ದ ಪೋಲಿಷ್ ಜನರ ಭಾಷೆಯನ್ನು ಶಾಲೆಗಳಿಂದ ಹೊರಗಿಡುವ ಕೆಲಸ ಅವನ ಕಾಲದಲ್ಲೇ ಜೋರಾಯಿತು. ಪ್ರಷ್ಯಾದ ಪೌರತ್ವ ಇಲ್ಲದ ಸಾವಿರಾರು ಪೋಲಿಷರನ್ನು 1885ರಿಂದ ಗಡಿಯಾಚೆ ಅಟ್ಟಲಾಯಿತು. ಇದನ್ನೆಲ್ಲ ಈಗಲೇ ಹೇಳುವುದಕ್ಕೆ ಕಾರಣವಿದೆ. ಗೋಪುರಗಳು ಎಲ್ಲಿ ಎದ್ದವು, ಎಲ್ಲಿ ಏಳಲಿಲ್ಲ, ಎಲ್ಲಿ ಆಮೇಲೆ ಉರುಳಿದವು ಎಂಬುದೆಲ್ಲ ಇದರಿಂದಲೇ ತಿಳಿಯುತ್ತದೆ.

ಮೊದಲ ಗೋಪುರ ಎದ್ದಿದ್ದು 1869ರಲ್ಲಿ. ಸಾಮ್ರಾಜ್ಯ ಇನ್ನೂ ಹುಟ್ಟಿರಲಿಲ್ಲ. ಸೈಲೀಸಿಯಾ ಪ್ರಾಂತ್ಯದ ಒಬ್ಬ ಜಮೀನ್ದಾರ ತನ್ನ ಊರಿನ ಬಳಿ ಬಿಸ್ಮಾರ್ಕ್ ಹೆಸರಲ್ಲಿ ಗೋಪುರ ಕಟ್ಟಿಸಿದ. ಆ ಜಾಗ ಈಗ ಪೋಲೆಂಡಿನ ಯಾನುವೆಕ್ ಎಂಬ ಹಳ್ಳಿ. ಆದರೆ ಇದು ಒಬ್ಬನ ಅಭಿಮಾನದ ಕೆಲಸ. ಗೋಪುರದ ಹುಚ್ಚು ಹಬ್ಬಿದ್ದು ಬಹಳ ತಡವಾಗಿ, ಬಿಸ್ಮಾರ್ಕ್ ಅಧಿಕಾರ ಕಳಕೊಂಡ ಮೇಲೆ.

1890ರ ಮಾರ್ಚಿನಲ್ಲಿ ಹೊಸ ಚಕ್ರವರ್ತಿ ಎರಡನೇ ವಿಲ್ಹೆಲ್ಮ್ ಅವನನ್ನು ಮನೆಗೆ ಕಳಿಸಿದ. ಚಕ್ರವರ್ತಿಗೆ ಆಗ 31 ವಯಸ್ಸು, ಮುದುಕನಿಗೆ 75ರ ಹತ್ತಿರ. ಐದು ವರ್ಷದ ನಂತರ, 1895ರಲ್ಲಿ ಬಿಸ್ಮಾರ್ಕ್‌ಗೆ 80 ತುಂಬಿತು. ಹುಟ್ಟುಹಬ್ಬಕ್ಕೆ ಸಂಸತ್ತಿನಿಂದ ಒಂದು ಶುಭಾಶಯ ಕಳಿಸೋಣ ಎಂಬ ಸೂಚನೆ ಬಂದಾಗ ಸಂಸತ್ತು ಅದನ್ನು ಬಹುಮತದಿಂದ ತಳ್ಳಿಹಾಕಿತು. ಕ್ಯಾಥೊಲಿಕ್ ಪಕ್ಷದವರು, ಸಮಾಜವಾದಿಗಳು, ಪೋಲಿಷ್ ಸದಸ್ಯರು ಬೇಡ ಅಂದರು. ಅವರಲ್ಲಿ ಯಾರೂ ಹಳೆಯದನ್ನು ಮರೆತಿರಲಿಲ್ಲ. ಸಭಾಧ್ಯಕ್ಷ ಬೇಸರದಿಂದ ರಾಜೀನಾಮೆ ಕೊಟ್ಟ. ಅದೇ ಹೊತ್ತಿಗೆ ಬಿಸ್ಮಾರ್ಕ್ ಇದ್ದ ಫ್ರೀಡ್ರಿಕ್ಸ್‌ರೂ ಎಂಬ ಊರಿಗೆ ಅಭಿಮಾನಿಗಳು ಹಿಂಡು ಹಿಂಡಾಗಿ ರೈಲಿನಲ್ಲಿ ಬಂದಿಳಿಯುತ್ತಿದ್ದರು.

ನನಗೆ ಈ ಇಡೀ ಕಥೆಯ ಕೀಲಿ ಇಲ್ಲೇ ಇದೆ ಅನಿಸುತ್ತದೆ. ಅರಮನೆಯವರು ತಮ್ಮ ಅಜ್ಜ ಮೊದಲನೇ ವಿಲ್ಹೆಲ್ಮ್‌ಗೆ ಎಲ್ಲೆಡೆ ಸ್ಮಾರಕ ಎಬ್ಬಿಸುವುದರಲ್ಲಿದ್ದರು. ಬಿಸ್ಮಾರ್ಕ್ ಗೋಪುರ ಕಟ್ಟಿದ್ದು ಸರ್ಕಾರವಲ್ಲ. ಊರಿನ ಡಾಕ್ಟರು, ಮೇಷ್ಟ್ರು, ವಕೀಲರು, ವ್ಯಾಪಾರಿಗಳು ಸಮಿತಿ ಮಾಡಿಕೊಂಡು, ವಂತಿಗೆ ಎತ್ತಿ ಕಟ್ಟಿದರು. ಹಾಗಂತ ಎಲ್ಲರೂ ದುಡ್ಡು ಹಾಕಲಿಲ್ಲ. ಕಾರ್ಖಾನೆಯ ಕೆಲಸಗಾರರು ದೂರ ಉಳಿದರು. ಗೋಪುರಗಳು ಜಾಸ್ತಿ ಎದ್ದದ್ದು ಪ್ರೊಟೆಸ್ಟೆಂಟ್ ಜನ ಹೆಚ್ಚಿದ್ದ ಕಡೆಗಳಲ್ಲಿ.

ಪ್ರತಿಮೆ ಬಿಟ್ಟು ಗೋಪುರವೇ ಯಾಕೆ? ಪ್ರತಿಮೆಗಳೂ ಬೇಕಾದಷ್ಟು ಎದ್ದವು. ಆದರೆ ಬೆಟ್ಟದ ತುದಿಗೆ ಗೋಪುರ ಹೋದದ್ದಕ್ಕೆ ರಾಜಕೀಯದ ಆಚೆ ಒಂದು ಕಾರಣವಿದೆ. ಅದು ನಡಿಗೆ. ರೈಲು ಬಂದ ಮೇಲೆ ಊರಿನ ಜನ ರಜೆ ದಿನ ಕಾಡು ಗುಡ್ಡಗಳ ಕಡೆ ಹೊರಡತೊಡಗಿದರು. 1864ರಲ್ಲಿ ಶ್ವಾರ್ಟ್ಸ್‌ವಾಲ್ಡ್ ಚಾರಣ ಸಂಘ ಹುಟ್ಟಿತು. 1882ರಲ್ಲಿ ಓಡನ್‌ವಾಲ್ಡ್‌ನದು, 1886ರಲ್ಲಿ ಹಾರ್ಟ್ಸ್ ಬೆಟ್ಟಗಳದು, 1888ರಲ್ಲಿ ಐಫೆಲ್ ಸೀಮೆಯದು. ಈ ಸಂಘಗಳ ಕೆಲಸವೇ ದಾರಿ ಸವರುವುದು, ಮರಕ್ಕೆ ಬಣ್ಣದ ಗುರುತು ಬಳಿಯುವುದು, ತುದಿಯಲ್ಲಿ ವೀಕ್ಷಣಾ ಗೋಪುರ ಎಬ್ಬಿಸುವುದು. ಅಲ್ಲಿನ ಗುಡ್ಡಗಳು ನೆತ್ತಿಯವರೆಗೂ ಕಾಡು. ತುದಿ ಮುಟ್ಟಿದರೂ ಮರಗಳ ಸಂದಿಯಿಂದ ಏನೂ ಕಾಣುವುದಿಲ್ಲ. ಮರದ ತಲೆಗಿಂತ ಮೇಲೆ ಹೋಗಬೇಕಾದರೆ ಗೋಪುರವೇ ಬೇಕು. ಹೇಗೂ ಕಟ್ಟುತ್ತೇವೆ, ಬಿಸ್ಮಾರ್ಕ್ ಹೆಸರಿಟ್ಟರೆ ವಂತಿಗೆಯೂ ಬೇಗ ಕೂಡುತ್ತದೆ ಎಂಬ ಲೆಕ್ಕ ಎಷ್ಟೋ ಕಡೆ ಸುಲಭವಾಗಿ ಹೊಂದಿಕೊಂಡಿತು.

ಗ್ಯೋಟಿಂಗನ್ ಊರಿನ ಗೋಪುರ ಈ ಬಗೆಯದು. ಬಿಸ್ಮಾರ್ಕ್ 1832ರಲ್ಲಿ, 17ನೇ ವಯಸ್ಸಿಗೆ, ಕಾನೂನು ಓದಲು ಅಲ್ಲಿಯ ವಿಶ್ವವಿದ್ಯಾಲಯ ಸೇರಿದ್ದ. ಓದಿದ್ದಕ್ಕಿಂತ ಕತ್ತಿ ಕಾಳಗ ಆಡಿದ್ದೇ ಜಾಸ್ತಿ. ವಿದ್ಯಾರ್ಥಿಗಳಿಗೆಂದೇ ಇದ್ದ ಸೆರೆಮನೆಯಲ್ಲೂ ಕೂತು ಬಂದ. ಊರ ಕೋಟೆಗೋಡೆಯ ಮೇಲೆ ಅವನಿದ್ದ ಪುಟ್ಟ ಮನೆ ಇವತ್ತಿಗೂ ಇದೆ. ಅದೇ ಊರಿನವರು ಮುಂದೆ ಕ್ಲೆಪರ್‌ಬೆರ್ಗ್ ಎಂಬ ಗುಡ್ಡದ ಮೇಲೆ 31 ಮೀಟರ್ ಎತ್ತರದ ಗೋಪುರ ಎಬ್ಬಿಸಿ 1896ರಲ್ಲಿ ತೆರೆದರು. ನೋಡಲು ಹಳೆಯ ಕೋಟೆಯ ಬುರುಜಿನ ಹಾಗಿದೆ. ಒಳಗೆ ಸುತ್ತು ಮೆಟ್ಟಿಲಿದೆ. ಅದನ್ನು ಹತ್ತಿ ಹೋಗಿ ನೋಡಲಿಕ್ಕೆಂದೇ ಕಟ್ಟಿದ್ದು.

1898ರ ಜುಲೈ 30ರಂದು ಬಿಸ್ಮಾರ್ಕ್ ತೀರಿಕೊಂಡ. ಅಲ್ಲಿಂದ ಕಥೆ ಬೇರೆ ದಿಕ್ಕು ಹಿಡಿಯಿತು.

ಆ ವರ್ಷದ ಡಿಸೆಂಬರಿನಲ್ಲಿ ವಿದ್ಯಾರ್ಥಿ ಸಂಘಗಳವರು ಒಂದು ಮನವಿ ಹೊರಡಿಸಿದರು. ಹಿಂದಿನ ಕಾಲದ ಸ್ಯಾಕ್ಸನ್ನರು, ನಾರ್ಮನ್ನರು ಮಡಿದ ವೀರರ ಮೇಲೆ ಬರಿಗಲ್ಲಿನ ಕಂಬ ನಿಲ್ಲಿಸಿ ಅದರ ತುದಿಯಲ್ಲಿ ಬೆಂಕಿ ಉರಿಸುತ್ತಿದ್ದರಂತೆ. ನಾವೂ ದೇಶದ ಎಲ್ಲ ಎತ್ತರದ ಜಾಗಗಳಲ್ಲಿ ಅಂಥ ಕಂಬ ನಿಲ್ಲಿಸೋಣ, ಒಂದೇ ರಾತ್ರಿ ಎಲ್ಲದರ ಮೇಲೂ ಬೆಂಕಿ ಹಚ್ಚೋಣ ಎಂದು ಕರೆ ಕೊಟ್ಟರು. ಒಂದು ಗುಡ್ಡದ ಬೆಂಕಿ ಮುಂದಿನ ಗುಡ್ಡಕ್ಕೆ ಕಾಣಬೇಕು, ಅಲ್ಲಿಯದು ಅದರಾಚೆಯ ಗುಡ್ಡಕ್ಕೆ. ವಿದ್ಯುತ್ ದೀಪ ಇನ್ನೂ ಎಲ್ಲ ಊರಿಗೂ ಬಂದಿರದ ಕಾಲ. ಕತ್ತಲು ನಿಜವಾಗಿಯೂ ಕತ್ತಲಾಗಿದ್ದಾಗ ಅದು ಹೇಗೆ ಕಾಣುತ್ತಿತ್ತು ಅಂತ ಸುಮ್ನೆ ಒಮ್ಮೆ ಯೋಚಿಸಿ ನೋಡಿ.

1899ರಲ್ಲಿ ವಿನ್ಯಾಸಕ್ಕೆ ಸ್ಪರ್ಧೆ ಇಟ್ಟರು. ಮುನ್ನೂರಕ್ಕೂ ಹೆಚ್ಚು ನಕ್ಷೆಗಳು ಬಂದವು. ಗೆದ್ದವನು 26 ವರ್ಷದ ವಿಲ್ಹೆಲ್ಮ್ ಕ್ರೈಸ್. ಅವನ ಒಂದಲ್ಲ, ಮೂರು ನಕ್ಷೆಗಳಿಗೆ ಮೊದಲ ಬಹುಮಾನಗಳು ಬಂದವು. ಅವುಗಳಲ್ಲಿ ಒಂದನ್ನು ಮಾದರಿಯಾಗಿ ಆರಿಸಿದರು. ಅದಕ್ಕೆ ಅವನಿಟ್ಟ ಹೆಸರಿನ ಅರ್ಥ 'ದೇವತೆಗಳ ಮುಸ್ಸಂಜೆ'. ಹಳೆಯ ಜರ್ಮಾನಿಕ್ ಪುರಾಣದಲ್ಲಿ ದೇವತೆಗಳ ಕಾಲ ಮುಗಿಯುವ ಹೊತ್ತು ಅದು.

ಈ ಮಾದರಿಯನ್ನು ಒಮ್ಮೆ ನೋಡಿದರೆ ಮುಂದೆ ಎಲ್ಲಿ ಕಂಡರೂ ಗುರುತು ಸಿಗುತ್ತದೆ. ಕೆಳಗೆ ಮೆಟ್ಟಿಲು ಮೆಟ್ಟಿಲಾಗಿ ಏರುವ ಜಗಲಿ. ಅದರ ಮೇಲೆ ಚೌಕದ ಪೀಠ. ಪೀಠದಿಂದ ಏಳುವ ಚೌಕಾಕಾರದ ಕಂಬಕ್ಕೆ ನಾಲ್ಕು ಮೂಲೆಯಲ್ಲೂ ದಪ್ಪ ದುಂಡು ಕಂಬಗಳು ಅಂಟಿಕೊಂಡಿವೆ. ಮುಕ್ಕಾಲು ಭಾಗ ಹೊರಗೆ, ಕಾಲು ಭಾಗ ಗೋಡೆಯ ಒಳಗೆ. ಮೇಲೆ ಅಗಲವಾದ ಕಲ್ಲಿನ ಪಟ್ಟಿ, ಅದರ ನೆತ್ತಿಯ ಮೇಲೆ ಬೆಂಕಿಯ ಕೊಪ್ಪರಿಗೆ. ಎದುರಿಗೆ ಒಂದು ಹದ್ದಿನ ಉಬ್ಬುಚಿತ್ರವೋ ಲಾಂಛನವೋ ಇದ್ದರೆ ಇತ್ತು. ಬಿಸ್ಮಾರ್ಕನ ಮುಖ ಇರಬೇಕೆಂದೇನೂ ಇಲ್ಲ. ಕಿಟಕಿಯಿಲ್ಲದ ಆ ಕಲ್ಲು, ಆ ಭಾರ, ಆ ಗಡಸು, ಅದೇ ಅವನು ಎಂದು ಅವರ ಭಾವನೆ.

ಈ ಮಾದರಿ ಅಷ್ಟು ಬೇಗ ಹಬ್ಬಿದ್ದಕ್ಕೆ ಕಾರಣ ಅದರ ಅಂದಕ್ಕಿಂತ ಅನುಕೂಲ. ಊರಿನವರ ಕೈಯಲ್ಲಿ ಎಷ್ಟು ದುಡ್ಡಿದೆಯೋ ಅದಕ್ಕೆ ತಕ್ಕಂತೆ ಅದನ್ನು ಚಿಕ್ಕದು ದೊಡ್ಡದು ಮಾಡಬಹುದಿತ್ತು. ಕಲ್ಲನ್ನು ದೂರದಿಂದ ತರಬೇಕಾಗಿರಲಿಲ್ಲ, ಹತ್ತಿರದ ಕಲ್ಲುಕ್ವಾರಿಯದು ಸಾಕು. ಒಂದು ಕಡೆ ಮರಳುಗಲ್ಲು, ಇನ್ನೊಂದು ಕಡೆ ಗ್ರಾನೈಟ್. ಮುಂದಿನ ಹನ್ನೆರಡು ವರ್ಷಗಳೊಳಗೆ ಇದೊಂದೇ ನಕ್ಷೆಯಿಂದ 47 ಗೋಪುರಗಳು ಎದ್ದವು.

ಬೆಂಕಿಯ ಕೆಲಸ ಹೇಳಿದಷ್ಟು ಸುಲಭವಾಗಿರಲಿಲ್ಲ. ದೊಡ್ಡ ಲೋಹದ ಕೊಪ್ಪರಿಗೆ ತುಂಬ ಕಟ್ಟಿಗೆ ಹಾಕಿ, ಅದರ ಮೇಲೆ ಡಾಂಬರು, ರಾಳ, ಸೀಮೆಎಣ್ಣೆ ಸುರಿದು ಹಚ್ಚಬೇಕು. ಅಷ್ಟನ್ನೂ ಮೇಲಕ್ಕೆ ಸಾಗಿಸಬೇಕು. ಜ್ವಾಲೆ ಮೀಟರುಗಟ್ಟಲೆ ಏಳುತ್ತಿತ್ತು. ಮೆಟ್ಟಿಲಿನ ಗುಟ್ಟು ಇಲ್ಲಿದೆ. ಮೇಲೆ ಉರಿಯುವುದು ಬೆಂಕಿ. ಅಲ್ಲಿ ಜನ ನಿಲ್ಲುವ ಮಾತೇ ಇಲ್ಲ. ವರ್ಷಕ್ಕೊಂದೆರಡು ಸಲ ಬೆಂಕಿ ಹಚ್ಚುವವನು ಹತ್ತಿ ಹೋದರೆ ಮುಗಿಯಿತು, ಅದಕ್ಕೆ ಏಣಿ ಸಾಕು. ಅದಕ್ಕೇ ಈ ಬಗೆಯವಕ್ಕೆ ಗೋಪುರ ಅನ್ನದೆ 'ಬಿಸ್ಮಾರ್ಕ್ ಕಂಬ' ಅಂತ ಕರೆಯುವುದೂ ಉಂಟು.

ಎಲ್ಲ ಗುಡ್ಡಗಳ ಮೇಲೂ ಒಂದೇ ರಾತ್ರಿ ಬೆಂಕಿ ಎಂಬ ಕನಸು ಮಾತ್ರ ಪೂರ್ತಿಯಾಗಿ ನಡೆಯಲೇ ಇಲ್ಲ. ವಿದ್ಯಾರ್ಥಿಗಳು ಬೇಸಿಗೆಯ ಅತಿ ಉದ್ದದ ಹಗಲು ಬರುವ ಜೂನ್ 21 ಎಂದರು. ಹಲವು ಊರಿನವರು ಅವನು ಹುಟ್ಟಿದ ಏಪ್ರಿಲ್ 1 ಎಂದರು. ಫ್ರಾನ್ಸನ್ನು ಸೋಲಿಸಿದ ಸೆಡಾನ್ ಯುದ್ಧದ ನೆನಪಿನ ಸೆಪ್ಟೆಂಬರ್ 2ರಂದೂ ಕೆಲವರು ಹಚ್ಚಿದರು. ತಲೆಗೊಂದು ಮಾತು, ಊರಿಗೊಂದು ದಿನ.

ಗಡಿಯಾಚೆಗೂ ಬೆಂಕಿ ಹೋಯಿತು. ಈಗಿನ ಚೆಕ್ ನಾಡಿನ ಆಶ್ ಊರು ಆಗ ಆಸ್ಟ್ರಿಯಾ ಸಾಮ್ರಾಜ್ಯದಲ್ಲಿತ್ತು. ಬಿಸ್ಮಾರ್ಕ್ 1866ರಲ್ಲಿ ಸೋಲಿಸಿದ ಸಾಮ್ರಾಜ್ಯ ಅದೇ. ಆದರೂ ಅಲ್ಲಿನ ಜರ್ಮನ್ ಭಾಷಿಕರು 758 ಮೀಟರ್ ಎತ್ತರದ ಹಾಯ್ ಬೆಟ್ಟದ ಮೇಲೆ ಕ್ರೈಸ್‌ನ ನಕ್ಷೆಯಂತೆ 34 ಮೀಟರ್ ಗೋಪುರ ಎಬ್ಬಿಸಿ 1904ರಲ್ಲಿ ಮುಗಿಸಿದರು. ಯಾವ ಅರಸನ ಪ್ರಜೆ ಎಂಬುದಕ್ಕಿಂತ ಯಾವ ಭಾಷೆಯವನು ಎಂಬುದು ಮೇಲಾಗುತ್ತಿದ್ದ ಕಾಲ. ಆ ಗೋಪುರ ನೋಡಿದ ಪಕ್ಕದ ಚೆಕ್ ಜನರಿಗೆ ಹೇಗನಿಸಿರಬೇಡ?

ಪೋಲಿಷರಿಗೆ ಹೇಗನಿಸಿತು ಎಂಬುದಕ್ಕಂತೂ ಸಾಕ್ಷಿಯಿದೆ. ಬಿಡ್ಗೋಶ್ಚ್ ನಗರ ಪ್ರಷ್ಯಾದ ಕೈಯಲ್ಲಿದ್ದಾಗ, 1913ರಲ್ಲಿ, ಅಲ್ಲಿಯ ಗುಡ್ಡದ ಮೇಲೆ ಬಿಸ್ಮಾರ್ಕ್ ಗೋಪುರ ಎದ್ದಿತು. ಮೊದಲ ಮಹಾಯುದ್ಧ ಮುಗಿದು ಪೋಲೆಂಡ್ ಮತ್ತೆ ಸ್ವತಂತ್ರವಾದಾಗ ಊರು ಪೋಲಿಷರಿಗೆ ಬಂತು. ಮೊದಲು ಹೆಸರು ಬದಲಾಯಿಸಿ 'ಸ್ವಾತಂತ್ರ್ಯ ಗೋಪುರ' ಎಂದರು. ಹೆಸರು ಬದಲಾದರೂ ಆಕಾರ ಅದೇ ತಾನೇ. 1928ರಲ್ಲಿ ಕೆಡವಿಯೇಬಿಟ್ಟರು. ಆ ಗುಡ್ಡಕ್ಕೆ ಮಾತ್ರ ಇವತ್ತಿಗೂ ಸ್ವಾತಂತ್ರ್ಯದ ಗುಡ್ಡ ಎಂದೇ ಹೆಸರು. ಅವರ ಸಿಟ್ಟು ನನಗೆ ಅರ್ಥವಾಗುತ್ತದೆ. ತನ್ನ ಮಾತನ್ನು ಮಕ್ಕಳಿಗೆ ಕಲಿಸಲು ಬಿಡದವನ ಸ್ಮಾರಕ ದಿನ ಬೆಳಗಾದರೆ ತಲೆಯ ಮೇಲೆ ನಿಂತಿದ್ದರೆ ಯಾರಿಗೆ ತಾನೇ ಸಹಿಸಲು ಆಗುತ್ತದೆ?

ಜರ್ಮನಿಯೊಳಗೆ ಮೊದಲ ಮಹಾಯುದ್ಧದ ಸೋಲಿನ ನಂತರ ಹೊಸದಾಗಿ ಕಟ್ಟುವವರು ಕಡಿಮೆಯಾದರು. ಓಡರ್ ನದಿಯ ದಂಡೆಯ ಸ್ಟೆಟಿನ್‌ನಲ್ಲಿ, ಅಂದರೆ ಈಗಿನ ಪೋಲೆಂಡಿನ ಶ್ಚೆಚಿನ್‌ನಲ್ಲಿ, ಯುದ್ಧಕ್ಕೆ ಮೊದಲು ಶುರುವಾದ ಗೋಪುರ 1921ರಲ್ಲಿ ಮುಗಿಯಿತು. ಅದೂ ಕ್ರೈಸ್‌ನದೇ. ಕಟ್ಟಲು ಶುರುಮಾಡಿದಾಗ ಇದ್ದ ಸಾಮ್ರಾಜ್ಯ ಮುಗಿಸುವಾಗ ಇರಲೇ ಇಲ್ಲ. ಆಮೇಲೆ ಹಿಟ್ಲರನ ಪಕ್ಷದವರು ಇಂಥ ಗೋಪುರಗಳ ಬುಡದಲ್ಲಿ ತಮ್ಮ ಬೆಂಕಿ ಉತ್ಸವಗಳನ್ನು ನಡೆಸಿದರು. ಕ್ರೈಸ್ ಕೂಡ ಆ ಆಳ್ವಿಕೆಗೆ ದುಡಿದ. ಸೈನಿಕರ ಸ್ಮಶಾನಗಳನ್ನು ರೂಪಿಸುವ ಹೊಣೆ ಅವನಿಗೆ ಸಿಕ್ಕಿತು. ಅವನೇ ಅದಕ್ಕೂ ಮೊದಲು ಡ್ರೆಸ್ಡೆನ್ನಿನಲ್ಲಿ ಜನರ ಆರೋಗ್ಯದ ಅರಿವಿಗಾಗಿ ಒಂದು ಒಳ್ಳೆಯ ವಸ್ತುಸಂಗ್ರಹಾಲಯ ಕಟ್ಟಿದ್ದ.

ಎರಡನೇ ಮಹಾಯುದ್ಧ ಹಲವು ಗೋಪುರಗಳನ್ನು ನುಂಗಿತು. ಬರ್ಲಿನ್ನಿನ ಆಗ್ನೇಯಕ್ಕಿರುವ ಮ್ಯೂಗೆಲ್ ಗುಡ್ಡದ ಮೇಲಿನದು 1945ರಲ್ಲಿ ಸ್ಫೋಟಕಕ್ಕೆ ಬಲಿಯಾಯಿತು. ಪೂರ್ವ ಜರ್ಮನಿಯ ಕಮ್ಯುನಿಸ್ಟ್ ಸರ್ಕಾರಕ್ಕೆ ಬಿಸ್ಮಾರ್ಕ್ ಎಂದರೆ ಜಮೀನ್ದಾರರ, ಯುದ್ಧದ ಹೆಸರು. ಸಮಾಜವಾದಿಗಳ ಮೇಲೆ ನಿಷೇಧ ಹೇರಿದವನ ನೆನಪು ಅವರಿಗೆ ಯಾಕೆ ಬೇಕು? ಕೆಲವನ್ನು ಕೆಡವಿದರು, ಕೆಲವಕ್ಕೆ ಹೆಸರು ಬದಲಾಯಿಸಿದರು. ಮೊದಲು ಹೇಳಿದ ಡ್ರೆಸ್ಡೆನ್ ಗೋಪುರ ಆ ಕಾಲದಲ್ಲಿ 'ಶಾಂತಿ ಗೋಪುರ' ಆಗಿತ್ತು. ಎಷ್ಟೋ ಕಡೆ ಸುತ್ತ ಗಿಡಗಂಟಿ ಬೆಳೆದು, ಬಾಗಿಲಿಗೆ ಇಟ್ಟಿಗೆ ಕಟ್ಟಿ ಸುಮ್ಮನಾದರು.

ಇಷ್ಟೆಲ್ಲ ಆದರೂ ಇನ್ನೂ ನೂರೈವತ್ತಕ್ಕಿಂತ ಹೆಚ್ಚು ನಿಂತಿವೆ. ಬಿಸ್ಮಾರ್ಕ್ ಬಗ್ಗೆ ವಾದವೂ ನಿಂತಿಲ್ಲ. ಆಫ್ರಿಕಾವನ್ನು ಹಂಚಿಕೊಳ್ಳುವ ನಿಯಮಗಳನ್ನು ಯುರೋಪಿನ ದೇಶಗಳು ಗೊತ್ತುಮಾಡಿಕೊಂಡ 1884-85ರ ಬರ್ಲಿನ್ ಸಮ್ಮೇಳನ ನಡೆದದ್ದು ಅವನ ಆತಿಥ್ಯದಲ್ಲಿ. 2020ರಲ್ಲಿ ಹ್ಯಾಂಬರ್ಗಿನ ಅವನ ದೊಡ್ಡ ಪ್ರತಿಮೆಯನ್ನು ದುರಸ್ತಿ ಮಾಡುವಾಗ ಅಂಥವನಿಗೆ ಸ್ಮಾರಕ ಬೇಕೆ ಎಂಬ ಪ್ರಶ್ನೆ ಜೋರಾಗಿ ಎದ್ದಿತು. ಏಳಬೇಕಾದ ಪ್ರಶ್ನೆಯೇ ಅದು. ಆಗ ಜರ್ಮನಿಯ ವಸಾಹತಾಗಿದ್ದ ಆಫ್ರಿಕಾದ ಕ್ಯಾಮರೂನ್‌ನಲ್ಲಿ ಬಿಸ್ಮಾರ್ಕ್ ಗೋಪುರ ಯಾಕಿತ್ತು ಎಂಬುದಕ್ಕೆ ಉತ್ತರ ಅಲ್ಲಿಯೇ ಸಿಗುತ್ತದೆ.

ಪ್ರತಿಮೆಗೆ ಆಗದ ಒಂದು ಸಂಗತಿ ಮಾತ್ರ ಗೋಪುರಕ್ಕೆ ಆಗಿದೆ. ಪ್ರತಿಮೆಯ ಮುಖ ಬದಲಾಗದು. ಗೋಪುರಕ್ಕೆ ಮುಖವೇ ಇಲ್ಲ, ಹಾಗಾಗಿ ಜನ ಅದನ್ನು ತಮಗೆ ಬೇಕಾದ ಹಾಗೆ ಬಳಸಿಕೊಂಡರು. ಗ್ಯೋಟಿಂಗನ್ನಿನ ಕ್ಲೌಸ್‌ಬೆರ್ಗ್ ಗುಡ್ಡದ ಮೇಲೆ ವಿದ್ಯಾರ್ಥಿಗಳು 1903ರಲ್ಲಿ ಬೆಂಕಿ ಉರಿಸಲಿಕ್ಕೆಂದು ಕಟ್ಟಿಸಿದ ಭಾರಿ ಕಲ್ಲಿನ ಕಟ್ಟೆಯೊಂದಿದೆ. ಅದರ ಆಕಾರ ನೋಡಿ ಊರಿನವರು 'ಆನೆಯ ಕಕ್ಕಸು' ಅಂತ ಕರೆಯುತ್ತಾರೆ. ಪ್ರೀತಿಯಿಂದಲೇ ಕರೆಯುತ್ತಾರೆ, ಸಂಜೆ ಹೊತ್ತು ಹೋಗಿ ಕೂರುವುದೂ ಅಲ್ಲೇ.

ಡ್ರೆಸ್ಡೆನ್ನಿನ ಪಕ್ಕದ ರಾಡೆಬೊಯ್ಲ್ ಊರಲ್ಲೂ ಕ್ರೈಸ್‌ನ ಗೋಪುರವಿದೆ. ಕಟ್ಟಿದ್ದು 1907ರಲ್ಲಿ. ದ್ರಾಕ್ಷಿ ತೋಟಗಳು ಮುಗಿಯುವ ಗುಡ್ಡದ ಅಂಚಿನಲ್ಲಿ ನಿಂತಿದೆ. ಅದಕ್ಕೂ ಮೆಟ್ಟಿಲು ಇರಲಿಲ್ಲ. ಈಚೆಗೆ ಊರಿನವರು ಮತ್ತೆ ವಂತಿಗೆ ಎತ್ತಿದರು. ನೂರು ವರ್ಷದ ಹಿಂದೆ ಅವರ ಮುತ್ತಜ್ಜಂದಿರು ಬೆಂಕಿಗೆಂದು ಎತ್ತಿದ್ದರು. ಇವರು ಮೆಟ್ಟಿಲಿಗೆಂದು ಎತ್ತಿದರು. ಈಗ ಆ ಟೊಳ್ಳು ಕಂಬದೊಳಗೆ ಸುತ್ತಿ ಸುತ್ತಿ ಮೇಲೆ ಹೋಗಬಹುದು. ಕೊಪ್ಪರಿಗೆಯ ಜಾಗದಲ್ಲಿ ಜನ ನಿಂತಿರುತ್ತಾರೆ. ಕೆಳಗೆ ದ್ರಾಕ್ಷಿಯ ಸಾಲುಗಳು, ಅದರಾಚೆ ಎಲ್ಬೆ ನದಿ, ನದಿಯ ಉದ್ದಕ್ಕೂ ಕಣ್ಣು ಹಾಯಿಸಿದರೆ ಡ್ರೆಸ್ಡೆನ್.